ಒಂದು ಬೀಡಿ, ನೂರು ಗಜ

ನಮ್ಮ ಕಾಕಾ ಕಾನೂನಿಗೆ ಹೆದರುವ ಮನುಷ್ಯ. ಊರು ನವಲಗುಂದದ ಕಡೆ. ವಯಸ್ಸು ಎಪ್ಪತ್ತರ ಹತ್ತಿರ. ಆಸ್ತಿ ಅಂದರೆ ಐದು ಎಕರೆ ಎರಿ ಹೊಲ, ಚಟ ಅಂದರೆ ದಿನಕ್ಕೊಂದು ಕಟ್ಟು ಬೀಡಿ. ಬೀಡಿಕಟ್ಟು ಒಂದು ಕಿಸೆಯಲ್ಲಿ, ರಬ್ಬರ್ ಬ್ಯಾಂಡ್ ಸುತ್ತಿದ ಕಡ್ಡಿಪೆಟ್ಟಿಗಿ ಇನ್ನೊಂದು ಕಿಸೆಯಲ್ಲಿ. ಎರಡನ್ನೂ ಒಂದೇ ಕಿಸೆಯಲ್ಲಿ ಇಡುವುದಿಲ್ಲ. ಅಣ್ಣ ತಮ್ಮಂದಿರಿದ್ದ ಹಾಗೆ, ವಾಟ್ನಿ ಮಾಡಿಯೇ, ಅಂದರೆ ಪಾಲು ಮಾಡಿಯೇ ಇಡಬೇಕು ಅಂತಾರೆ.

ಹೋದ ತಿಂಗಳು ಹೊಲದ ವಾಟ್ನಿಯ ಕೆಲಸಕ್ಕೇ ಹುಬ್ಬಳ್ಳಿಗೆ ಬಂದರು. ಧಾರವಾಡದ ಒಂದು ಕಚೇರಿಯಲ್ಲಿ ಅವರ ಕಾಗದಕ್ಕೆ ಎರಡು ಸಹಿ ಬೀಳಬೇಕಿತ್ತು. ರಾತ್ರಿ ನಮ್ಮ ಮನೆಯಲ್ಲೇ ಮಲಗಿದರು. ನಮ್ಮ ಮನೆಯಲ್ಲಿ ಧೂಮಪಾನ ನಿಷೇಧ ಜಾರಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಅದಕ್ಕೆ ಮಸೂದೆ ಇಲ್ಲ, ಗೆಜೆಟ್ ಇಲ್ಲ, ಬೋರ್ಡೂ ಇಲ್ಲ. ನಮ್ಮ ಮನೆಯವರು ಒಮ್ಮೆ ತಿರುಗಿ ನೋಡಿದರೆ ಸಾಕು. ನೂರಕ್ಕೆ ನೂರು ಜಾರಿಯಾದ ತಂಬಾಕು ಕಾಯ್ದೆ ನಾನು ಕಂಡಿದ್ದು ಅದೊಂದೇ.

ಬೆಳಗ್ಗೆ ಚಹಾ ಮುಗಿಸಿ ಕಾಕಾ ಕೇಳಿದರು: "ತಮ್ಮಾ, ಸಿಟ್ಯಾಗ ಬೀಡಿ ಸೇದಿದ್ರ ಸಾವಿರ ರೂಪಾಯಿ ದಂಡ ಅಂತಲ್ಲೋ. ಖರೇ ಏನು?"

ಖರೇನೇ. 2003ರ ಕೇಂದ್ರ ಕಾಯ್ದೆಯಲ್ಲಿ ದಂಡ ಇನ್ನೂರರವರೆಗೆ ಇತ್ತು. 2025ರ ಮೇ 30ರಂದು ನಮ್ಮ ರಾಜ್ಯದ ತಿದ್ದುಪಡಿ ಬಂದು ಅದು ಸಾವಿರದವರೆಗೆ ಆಯಿತು. ಹುಕ್ಕಾ ಬಾರ್ ನಡೆಸಿದರೆ ಜೈಲು. ಕಾಕಾಗೆ ಹುಕ್ಕಾದ ಚಿಂತೆ ಇರಲಿಲ್ಲ.

"ಹಂಗಾರ ಎಲ್ಲೆ ಸೇದಬೇಕು ಹೇಳು. ಅಲ್ಲೇ ಸೇದತೀನಿ."

ಇದಕ್ಕಿಂತ ಒಳ್ಳೆಯ ಪ್ರಜೆ ಯಾವ ಸರ್ಕಾರಕ್ಕೆ ಸಿಗುತ್ತಾನೆ? ನಾನು ಮೊಬೈಲ್ ತೆಗೆದು ಕಾಯ್ದೆ ಓದಲು ಕುಳಿತೆ. ಅಲ್ಲಿಂದಲೇ ಎಲ್ಲ ಕೆಟ್ಟಿತು.

ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಸೇದುವಂತಿಲ್ಲ. ಸಾರ್ವಜನಿಕ ಸ್ಥಳ ಅಂದರೆ ಆಸ್ಪತ್ರೆ, ಕೋರ್ಟು, ಕಚೇರಿ, ಹೋಟೆಲು, ಬಸ್ಸು, ವಾಚನಾಲಯ, ಹೀಗೇ ಜನ ಬಂದು ಹೋಗುವ ಜಾಗ. ಆದರೆ ಅದೇ ವಾಕ್ಯದ ಬಾಲದಲ್ಲಿ ಇನ್ನೊಂದು ಮಾತಿದೆ: ತೆರೆದ ಜಾಗ ಇದರಲ್ಲಿ ಸೇರುವುದಿಲ್ಲ. ಅಂದರೆ ಊರಿನ ಎಲ್ಲ ಜನ ಓಡಾಡುವ ರಸ್ತೆ ಸಾರ್ವಜನಿಕ ಅಲ್ಲ! ಆಮೇಲೆ 2008ರಲ್ಲಿ ನಿಯಮ ಬಂತು. ಗಾಂಧಿ ಜಯಂತಿಯ ದಿನವೇ ಜಾರಿಯಾಯಿತು. ಅದು ಹೇಳುತ್ತದೆ, ರೈಲು ನಿಲ್ದಾಣ, ಬಸ್ ಸ್ಟಾಪು, ಸ್ಟೇಡಿಯಂ ಇವು ತೆರೆದಿದ್ದರೂ ತೆರೆದ ಜಾಗ ಅಲ್ಲ. ಕೆಲಸ ಮಾಡುವ ಜಾಗವೂ ಸಾರ್ವಜನಿಕವೇ.

ಕಾಕಾ ಎಲ್ಲ ಕೇಳಿಸಿಕೊಂಡರು. "ಅಂದ್ರ ಬಸ್ ಸ್ಟಾಪಿನ್ಯಾಗ ನಿಂತು ಸೇದಿದ್ರ ತಪ್ಪು. ಎರಡು ಹೆಜ್ಜಿ ಕೆಳಗ ಇಳದು ಸೇದಿದ್ರ?"

"ತಪ್ಪಲ್ಲ."

"ಹೊಗಿ ಮತ್ತ ಬಸ್ ಸ್ಟಾಪಿಗೇ ಬಂದ್ರ?"

ಹೊಗೆಯ ಬಗ್ಗೆ ಕಾಯ್ದೆಯಲ್ಲಿ ಕಲಂ ಇರಲಿಲ್ಲ. ಸೇದುವವನು ಎಲ್ಲಿ ನಿಲ್ಲಬೇಕು ಅನ್ನೋದಷ್ಟೇ ಇತ್ತು.

ರೈಲ್ವೆ ಸ್ಟೇಷನ್ನಿನ ವಿಚಾರದಲ್ಲಿ ಮಾತ್ರ ಕಾಕಾಗೆ ತಕರಾರಿಲ್ಲ. ಹೋದ ವರ್ಷ ಮಗಳನ್ನು ಬಿಡಲು ಬಂದಾಗ ಒಂದು ಬೀಡಿ ಸೇದೋಣ ಅಂತ ಪ್ಲಾಟ್‌ಫಾರ್ಮಿನ ತುದಿ ಹುಡುಕುತ್ತಾ ಹೊರಟಿದ್ದರಂತೆ. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮು 1507 ಮೀಟರ್. ಜಗತ್ತಿಗೇ ಉದ್ದ. ನಡೆದರು, ನಡೆದರು. ಅರ್ಧಕ್ಕೆ ಮೊಣಕಾಲು ನೋವು ಬಂತು, ಬೀಡಿಯ ನೆನಪು ಹೋಯಿತು, ಮಗಳ ರೈಲೂ ಹೋಯಿತು. ತಂಬಾಕು ಬಿಡಿಸುವ ಯೋಜನೆಗಳಲ್ಲಿ ಇಷ್ಟು ಪರಿಣಾಮ ಬೀರಿದ್ದು ಇನ್ನೊಂದಿಲ್ಲ. ಅದನ್ನು ಬರೀ ರೈಲು ನಿಲ್ಲಿಸೋಕೆ ಕಟ್ಟಿದ್ದಾರೆ ಅಂತ ಜನ ತಿಳಿದಿದ್ದಾರೆ.

ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದೆವು. ಎ.ಸಿ. ಬಸ್ಸು, ಮುಚ್ಚಿದ ಕಿಟಕಿ. ಇದೊಂದು ಮಾತು ಹೇಳಿಬಿಡಬೇಕು. ನಾನು ಸೇದುವವನಲ್ಲ, ಸೇದುವವರ ಪಕ್ಕದಲ್ಲಿ ನಿಂತು ಕೆಮ್ಮುವವನು. ಹುಡುಗನಿದ್ದಾಗ ಕೆಂಪು ಬಸ್ಸಿನಲ್ಲಿ ಮುಂದಿನ ಸೀಟಿನವನ ಬೀಡಿ ಹೊಗೆ ಕುಡಿದು ವಾಂತಿ ಮಾಡಿಕೊಂಡವನು. ಟಾಕೀಸಿನಲ್ಲಿ ಪರದೆಗೆ ಬೀಳುವ ಬೆಳಕಿನಲ್ಲಿ ಹೊಗೆ ಸುರುಳಿ ಸುರುಳಿಯಾಗಿ ಏರುತ್ತಿತ್ತು. ಹೀರೋ ಮುಖಕ್ಕಿಂತ ಅದೇ ಜಾಸ್ತಿ ಕಾಣುತ್ತಿತ್ತು. 2001ರಲ್ಲಿ ಸುಪ್ರೀಂ ಕೋರ್ಟು ಇಂಥ ಕಡೆಯೆಲ್ಲ ಸೇದುವುದನ್ನು ನಿಲ್ಲಿಸಿ ಅಂದಾಗ ಕುಣಿದವರಲ್ಲಿ ನಾನೂ ಒಬ್ಬ. ಕಾಯ್ದೆಯ ಮೇಲೆ ನನಗೆ ಸಿಟ್ಟಿಲ್ಲ. ನನಗೆ ನಗು ಬರೋದು ಅದನ್ನು ಮೊಳೆ ಹೊಡೆದು ಗೋಡೆಗೆ ನೇತು ಹಾಕುವವರ ಮೇಲೆ.

ಧಾರವಾಡದಲ್ಲಿ ಇಳಿದ ಕೂಡಲೇ ಹೊಸ ತೊಡಕು. ಅದು ನೂರು ಗಜದ್ದು. ಶಾಲೆ ಕಾಲೇಜಿನ ಸುತ್ತ ನೂರು ಗಜದೊಳಗೆ ತಂಬಾಕು ಮಾರಬಾರದು ಅಂತ ಕೇಂದ್ರದ ಕಾಯ್ದೆ. ಕಾಕಾಗೆ ಗಜ ಅಂದರೆ ಮೊದಲು ನೆನಪಾಗಿದ್ದು ಆನೆ. "ನೂರು ಆನಿ ಸಾಲಾಗಿ ನಿಂದರಿಸಿ ಅಳೀಬೇಕೇನು?" ಅಂದರು. ಬಟ್ಟೆ ಅಳೆಯುವ ಗಜ ಅಂದೆ. ಈಗಿನ ತಿದ್ದುಪಡಿಯಲ್ಲಿ ಗಜ ಹೋಗಿ ನೂರು ಮೀಟರ್ ಆಗಿದೆ. ನೂರು ಗಜಕ್ಕೆ 91 ಮೀಟರ್ ಚಿಲ್ಲರೆ. ಅಂದರೆ ಎಂಟೂವರೆ ಮೀಟರ್ ಹೆಚ್ಚಾಯಿತು. ಆ ಎಂಟೂವರೆ ಮೀಟರಿನಲ್ಲಿ ಬೀಳುವ ಡಬ್ಬಿ ಅಂಗಡಿಯವನು ಒಂದು ರಾತ್ರಿ ಮರ್ಯಾದಸ್ಥನಾಗಿ ಮಲಗಿ, ಬೆಳಗ್ಗೆ ಅಪರಾಧಿಯಾಗಿ ಎದ್ದ. ಅಂಗಡಿ ಅಲ್ಲೇ ಇತ್ತು, ಶಾಲೆಯೂ ಅಲ್ಲೇ ಇತ್ತು.

ಅದೂ ಧಾರವಾಡ! ಕಲ್ಲು ಒಗೆದರೆ ಒಂದೋ ಕವಿಯ ಮನೆಗೆ ಬೀಳುತ್ತದೆ, ಇಲ್ಲವೋ ಕಾಲೇಜಿಗೆ. ಕೈವಾರ ಹಿಡಿದು ಒಂದೊಂದು ಶಾಲೆಯ ಸುತ್ತ ವೃತ್ತ ಎಳೆಯುತ್ತಾ ಹೋದರೆ ನಕ್ಷೆಯಲ್ಲಿ ಖಾಲಿ ಜಾಗ ಉಳಿಯೋದು ಕೆಲಗೇರಿ ಕೆರೆಯ ನಡುವೆ ಮಾತ್ರ. ಅಲ್ಲಿ ದೋಣಿಯಲ್ಲಿ ಅಂಗಡಿ ಇಡಬಹುದು. ಆದರೂ ಪೇಟೆಯಲ್ಲಿ ಪಾನ್ ಅಂಗಡಿಗಳು ಜೋರಾಗೇ ನಡೀತಾ ಇವೆ. ಬಹುಶಃ ಎಲ್ಲವೂ ಕೆರೆಯಲ್ಲೇ ಇವೆ, ನಮ್ಮ ಕಣ್ಣಿಗೆ ರಸ್ತೆ ಬದಿಯಲ್ಲಿ ಇದ್ದ ಹಾಗೆ ಕಾಣುತ್ತವೆ.

ಅಂಥ ಒಂದು ಅಂಗಡಿ ಮುಂದೆ ನಿಂತೆವು. ಕಾಕಾಗೆ ಎಲೆ ಅಡಿಕೆ ಬೇಕಿತ್ತು. ಬೋರ್ಡಿನಲ್ಲಿ "18 ವರ್ಷದೊಳಗಿನವರಿಗೆ ತಂಬಾಕು ಮಾರುವುದಿಲ್ಲ" ಅಂತ ಇದ್ದುದರಲ್ಲಿ 18ರ ಮೇಲೆ ಕಾಗದ ಅಂಟಿಸಿ 21 ಅಂತ ಬರೆದಿದ್ದ. ಹುಡುಗರ ಮದುವೆಗೂ 21, ಸಿಗರೇಟಿಗೂ 21.

"ಸರಿ ಐತಿ ಬಿಡ್ರಿ," ಅಂದ ಅಂಗಡಿಯವನು. "ಒಂದು ಆದಮ್ಯಾಲೆ ಇನ್ನೊಂದು ಬೇಕಾಗೇ ಬೇಕಾಗತೈತಿ."

ಅಷ್ಟರಲ್ಲಿ ಕಾಲೇಜು ಹುಡುಗನೊಬ್ಬ ಬಂದು ಒಂದು ಸಿಗರೇಟು ಅಂದ. ಪ್ಯಾಕು ಒಡೆದು ಒಂದನ್ನು ತೆಗೆದುಕೊಟ್ಟ. ಬಿಡಿ ಸಿಗರೇಟು ಮಾರುವುದೂ ಈಗ ಅಪರಾಧ. ಅದಕ್ಕೊಂದು ಕಾರಣ ಇದೆ. ಪ್ಯಾಕಿನ ಎರಡೂ ಬದಿಯಲ್ಲಿ ನೂರಕ್ಕೆ 85 ಭಾಗ ರೋಗದ ಚಿತ್ರ, ಎಚ್ಚರಿಕೆಯ ಮಾತು ಇರಬೇಕು ಅಂತ ನಿಯಮ. ಬಿಡಿಯಾಗಿ ಕೊಂಡವನಿಗೆ ಆ ಚಿತ್ರ ಕಾಣುವುದೇ ಇಲ್ಲ. ದಿನವಿಡೀ ಅದನ್ನು ನೋಡುವವನು ಅಂಗಡಿಯವನು ಒಬ್ಬನೇ.

"ನಾ ಬಿಟ್ಟು ಎರಡು ವರ್ಷ ಆತ್ರಿ," ಅಂದ ಅವನು. "ಇವನ್ನ ನೋಡಿ ನೋಡಿ ಒಳಗೆಲ್ಲ ಕಲಮಲ ಅನ್ನಾಕತ್ತಿತ್ತು."

ಚಿತ್ರ ಕೆಲಸ ಮಾಡಲ್ಲ ಅಂತ ಯಾರೂ ಹೇಳಬಾರದು.

ಅಂಗಡಿಯ ಕಂಬಕ್ಕೆ ದಾರ ಕಟ್ಟಿ ಒಂದು ಲೈಟರ್ ಇಳಿಬಿಟ್ಟಿದ್ದ. ಮೊದಲು ಅಲ್ಲಿ ತುದಿಗೆ ಕೆಂಡ ಇಟ್ಟುಕೊಂಡ ತೆಂಗಿನ ನಾರಿನ ಹಗ್ಗ ಇರುತ್ತಿತ್ತು. ಪಕ್ಕದ ಚಾದಂಗಡಿಯವನದೂ ಇದೇ ಲೈಟರ್. ಅವನು ಮಾತ್ರ ನಿಯಮ ಬಲ್ಲವನು. ಹೋಟೆಲಿನೊಳಗೆ ಕಡ್ಡಿಪೆಟ್ಟಿಗೆ, ಲೈಟರ್, ಬೂದಿ ಬಟ್ಟಲು ಏನೂ ಕೊಡಬಾರದು. ಅದಕ್ಕೇ ಗಿರಾಕಿಗೆ ಚಹಾ ಒಳಗೆ ಕೊಡುತ್ತಾನೆ, ಬೆಂಕಿ ಪಕ್ಕದವನ ಕಡೆ ತೋರಿಸುತ್ತಾನೆ. ಮೂವತ್ತು ಜನ ಕೂರುವ ಹೋಟೆಲಾದರೆ ಸೇದುವವರಿಗೆ ಬೇರೆ ಕೋಣೆ ಮಾಡಬಹುದು ಅಂತ ಕೇಂದ್ರದ ಕಾಯ್ದೆ ಹೇಳುತ್ತದೆ. ಇವನದು ಎರಡು ಬೆಂಚು, ಒಂದು ಮುರಿದದ್ದು. ಆದ್ದರಿಂದ ಅವನ ಸ್ಮೋಕಿಂಗ್ ಕೋಣೆ ಅಂದರೆ ರಸ್ತೆ. ರಸ್ತೆ ಸಾರ್ವಜನಿಕ ಅಲ್ಲ ಅಂತ ಆಗಲೇ ನೋಡಿದೆವಲ್ಲ.

ಲೈಟರ್ ತೆಗೆದುಕೊಳ್ಳಿ ಅಂತ ಅಂಗಡಿಯವನು ಕಾಕಾಗೆ ಹೇಳಿದ. ಕಾಕಾ ಎದೆ ಮೇಲಿನ ಕಿಸೆ ಮುಟ್ಟಿ ನೋಡಿಕೊಂಡರು. "ನಮ್ಮದು ಐತಪಾ. ಕಡ್ಡಿಪೆಟ್ಟಿಗಿ ಇದ್ದಾಂವಗ ನಾಲ್ಕು ಮಂದಿ ಮಾತಾಡಸ್ತಾರ." ಆಗ ಈ ಮಾತು ನನಗೆ ಅರ್ಥ ಆಗಲಿಲ್ಲ.

ಕಚೇರಿ ಬಂತು. ಬಾಗಿಲಲ್ಲೇ ಬಿಳಿ ಬೋರ್ಡು. 60 ಸೆಂಟಿಮೀಟರ್ ಅಗಲ, 30 ಎತ್ತರ, ನಿಯಮದಲ್ಲಿದ್ದ ಹಾಗೇ. ಮೆಟ್ಟಿಲ ಹತ್ತಿರ ಇನ್ನೊಂದು. ಮಹಡಿಗೊಂದು. ಆ ಕಟ್ಟಡದಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಬೋರ್ಡುಗಳೇ. ಮೆಟ್ಟಿಲ ಮೂಲೆಯಲ್ಲಿ ಎಲ್ಲ ಧರ್ಮದ ದೇವರ ಟೈಲ್ಸು ಅಂಟಿಸಿದ್ದರು, ಯಾರೂ ಉಗುಳಬಾರದು ಅಂತ. ಉಗುಳಿದವರೂ ದೈವಭಕ್ತರೇ. ಟೈಲ್ಸಿಗೆ ಒಂದು ಹನಿಯೂ ತಾಗದ ಹಾಗೆ ಎರಡು ದೇವರ ನಡುವಿನ ಸಂದಿಗೆ ಗುರಿ ಇಟ್ಟಿದ್ದರು. ಗುಟ್ಕಾ 2013ರಲ್ಲೇ ಈ ರಾಜ್ಯದಲ್ಲಿ ನಿಷೇಧ ಆಗಿದೆ. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಬಾಯಲ್ಲಿ ಲಗ್ನ ಮಾಡಿಸಿಕೊಳ್ಳಬೇಕು. ಅಲ್ಲಿಗೆ ನಿಷೇಧ ಯಶಸ್ವಿ. ಗುಟ್ಕಾ ಇಲ್ಲ, ಗುಟ್ಕಾದ ಬಣ್ಣ ಮಾತ್ರ ಇದೆ.

ಬೇಕಾದ ಮೇಜಿನ ಮುಂದೆ ಹೋದೆವು. ಕುರ್ಚಿ ಇತ್ತು. ಕುರ್ಚಿಯ ಬೆನ್ನಿಗೆ ಟವೆಲ್ ಇತ್ತು. ಮನುಷ್ಯ ಇರಲಿಲ್ಲ. ನಾನು ಪಾಳಿಯಲ್ಲಿ ಕುಳಿತೆ. ನನ್ನ ಮುಂದೆ ಹನ್ನೊಂದು ಜನ. ಹನ್ನೊಂದೂ ಜನ ಸೇದದವರು ಅಂತ ಆಮೇಲೆ ಗೊತ್ತಾಯಿತು.

ಒಂದು ತಾಸು ಆಯ್ತು. ಕಾಕಾ ಚಡಪಡಿಸಿದರು. ಎದ್ದು ಹೋಗಿ ಬೋರ್ಡನ್ನು ಎರಡು ಸಲ ಓದಿದರು. ಯಾರಾದರೂ ಸೇದಿದರೆ ಯಾರಿಗೆ ದೂರು ಕೊಡಬೇಕು ಅನ್ನೋದನ್ನೂ ಬೋರ್ಡಿನಲ್ಲಿ ಬರೆಯಬೇಕು ಅಂತ ನಿಯಮ. ಬರೆದಿದ್ದರು. ಸಾಹೇಬರ ಹುದ್ದೆ, ಹೆಸರು ಎರಡೂ ಇತ್ತು.

"ಇವರನ್ನೇ ಕೇಳಿ ಬರ್ತೀನಿ," ಅಂದರು ಕಾಕಾ. "ಸೇದಬ್ಯಾಡ ಅಂದಾವರಿಗೆ ಎಲ್ಲೆ ಸೇದಬೇಕು ಅನ್ನೂದೂ ಗೊತ್ತಿರತೈತಿ."

ಬೇಡ ಅಂದೆ. ಕೇಳಲಿಲ್ಲ. ಬಾಗಿಲಲ್ಲಿ ನಿಂತ ಸಿಪಾಯಿಯನ್ನು ಕೇಳಿದರು: "ಈ ಸಾಹೇಬ್ರು ಎಲ್ಲೆ ಇರತಾರಪಾ?"

"ಟೆರೇಸಿನ ಮ್ಯಾಲ ಅದಾರ ನೋಡ್ರಿ ಯಜಮಾನ್ರ," ಅಂದ ಸಿಪಾಯಿ. "ಸಿಗರೇಟ್ ಸೇದಾಕ ಹೋಗ್ಯಾರ."

ಇನ್ನು ಮುಂದಿನದನ್ನು ನಾನು ಕಂಡಿಲ್ಲ, ಕಾಕಾ ಹೇಳಿದ್ದು. ಟೆರೇಸಿನ ಮೇಲೆ ಪೂರ್ತಿ ಕಚೇರಿ ಇತ್ತಂತೆ. ಟವೆಲ್ ಕುರ್ಚಿಯ ಗುಮಾಸ್ತರು, ಪಕ್ಕದ ಮೇಜಿನವರು, ಸಾಹೇಬರು, ಸರ್ವೆಯವರು, ಎಲ್ಲ ನೀರಿನ ಟಾಕಿಯ ನೆರಳಿಗೆ ನಿಂತಿದ್ದರು. ತಲೆ ಮೇಲೆ ಸೂರು ಇಲ್ಲದ ಕಾರಣ ಇದು ತೆರೆದ ಜಾಗ, ಕಾಯ್ದೆ ಇಲ್ಲಿಗೆ ಬರಲ್ಲ ಅಂತ ಗುಮಾಸ್ತರು ವಿವರಿಸಿದರಂತೆ. ಮಳೆ ಬಂದರೆ ಟಾಕಿಯ ಕೆಳಗೆ ಸರೀತಾರೆ. ಆಗ ಮಾತ್ರ ಅಪರಾಧ. ಅದೂ ಶ್ರಾವಣ ಮುಗಿಯುವ ತನಕ.

ನಿಯಮದಲ್ಲಿ ಇನ್ನೊಂದು ಚೆಂದದ ಮಾತಿದೆ. ಕಚೇರಿಯೊಳಗೆ ಸೇದಿದವರ ಮೇಲೆ ಬಂದ ದೂರಿಗೆ ಮುಖ್ಯಸ್ಥರು ಕ್ರಮ ತೆಗೆದುಕೊಳ್ಳದಿದ್ದರೆ, ಎಷ್ಟು ಜನ ಸೇದಿದರೋ ಅಷ್ಟು ದಂಡ ಅವರೇ ಕಟ್ಟಬೇಕು. ಟಾಕಿಯ ಕೆಳಗೆ ಸರಿದ ದಿನ ಸಾಹೇಬರು ತಮ್ಮ ಮೇಲಿನ ದೂರನ್ನು ತಾವೇ ತೆಗೆದುಕೊಂಡು, ತಮಗೇ ನೋಟಿಸು ಕೊಟ್ಟು, ಉತ್ತರ ಬರದಿದ್ದರೆ ತಮಗೇ ಜ್ಞಾಪನಾಪತ್ರ ಕಳಿಸಬೇಕು. ಪಾಪ, ಎಷ್ಟು ಕೆಲಸ. ಸೇದದೆ ಏನು ಮಾಡ್ತಾರೆ?

ಕಾಕಾ ಹೋದ ಹೊತ್ತಿಗೆ ಅವರೆಲ್ಲ ಸುಮ್ನೆ ನಿಂತಿದ್ದರಂತೆ, ಬಾಯಲ್ಲಿ ಹೊತ್ತಿಸದ ಸಿಗರೇಟು. ಗಾಳಿಗೆ ಲೈಟರ್ ಹತ್ತುತ್ತಿರಲಿಲ್ಲ. ಕಾಕಾ ಕಡ್ಡಿಪೆಟ್ಟಿಗಿ ತೆಗೆದರು. ಐವತ್ತು ವರ್ಷ ಹೊಲದ ಗಾಳಿಯಲ್ಲಿ ಬೀಡಿ ಹೊತ್ತಿಸಿದ ಕೈ. ಎರಡು ಅಂಗೈ ಗೂಡು ಮಾಡಿ, ಒಂದೇ ಕಡ್ಡಿಯಲ್ಲಿ ಐದು ಜನಕ್ಕೆ ಬೆಂಕಿ ಕೊಟ್ಟರು. ಸಾಹೇಬರಿಗೆ ಮೊದಲು.

ನಾನು ಪಾಳಿಯಲ್ಲಿ ಇನ್ನೂ ಹನ್ನೆರಡನೆಯವನಾಗೇ ಇದ್ದಾಗ ಕಾಕಾ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಕಾಗದ. ಕಾಗದದ ಮೇಲೆ ಸಹಿ. ಸಹಿಯ ಪಕ್ಕ ಒಂಚೂರು ಬೂದಿ.

"ಹೆಂಗಾತು ಕಾಕಾ?"

"ಯಾ ಊರು ಅಂತ ಕೇಳಿದ್ರು. ಈ ಸಲ ಹೆಸರಿನ ಬೆಳಿ ಹೆಂಗ ಬಂದೈತಿ ಅಂದ್ರು. ಮತ್ತ ಬಂದ ಕೆಲಸ ಏನು ಅಂದ್ರು. ಅಲ್ಲೇ ಟಾಕಿ ಮ್ಯಾಲ ಇಟ್ಟು ಸಹಿ ಹಾಕಿದ್ರು."

ಹನ್ನೊಂದು ಜನ ಕಾಕಾನ ಮುಖವನ್ನೇ ನೋಡಿದರು. ಒಬ್ಬ ಎದ್ದು ಹೊರಗೆ ಹೋದ. ಪಾನ್ ಅಂಗಡಿ ಕಡೆಗೇ ಹೋಗಿರಬೇಕು.

ವಾಪಸ್ ಬರುವಾಗ ಬಸ್ ಸ್ಟಾಪಿನಿಂದ ಎರಡು ಹೆಜ್ಜೆ ಕೆಳಗೆ ನಿಂತು ಕಾಕಾ ಬೀಡಿ ತೆಗೆದರು. ಕಿಸೆ ತಡವಿ, ಹಾಗೇ ಕಿವಿ ಮೇಲೆ ಸಿಕ್ಕಿಸಿಕೊಂಡರು.

"ಕಡ್ಡಿಪೆಟ್ಟಿಗಿ ಎಲ್ಲಿ?" ಅಂದೆ.

"ಸಾಹೇಬ್ರ ಕಿಸೇದಾಗ ಉಳೀತು."

"ಅಯ್ಯೋ, ಕೇಳಿ ಇಸ್ಕೊಂಡು ಬರೋದಲ್ವಾ?"

ಕಾಕಾ ನನ್ನ ಕಡೆ ನೋಡಿದರು, ಇಷ್ಟು ಓದಿಸಿದ್ದು ದಂಡ ಆಯಿತು ಅನ್ನುವ ಹಾಗೆ.

"ಇನ್ನೊಂದು ಸಹಿ ಉಳದೈತಿ ತಮ್ಮಾ. ನಾಳೆ ಅದನ್ನ ಇಸ್ಕೊಳ್ಳಾಕ ಮ್ಯಾಲ ಹೋಗಬೇಕು."