ಕಾಲು ಕತ್ತರಿಸಿದ್ದು ಅವರಲ್ಲ, ಆಸ್ಪತ್ರೆಯವರು

ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ6ರ ಮೊದಲ ಮುಖ್ಯಸ್ಥ ಮ್ಯಾನ್ಸ್‌ಫೀಲ್ಡ್ ಕಮಿಂಗ್ ಅಪಘಾತದಲ್ಲಿ ಸಿಕ್ಕಿಕೊಂಡು, ಪೆನ್‌ನೈಫ್‌ನಿಂದ ತಮ್ಮ ಕಾಲನ್ನು ತಾವೇ ಕತ್ತರಿಸಿಕೊಂಡರು ಎಂಬ ಕಥೆ ಮತ್ತೆ ಓಡಾಡ್ತಿದೆ. ಅದು ನಿಜವಲ್ಲ.

1914ರಲ್ಲಿ ಫ್ರಾನ್ಸ್‌ನಲ್ಲಿ ಅವರಿದ್ದ ಕಾರು ಅಪಘಾತಕ್ಕೀಡಾಯಿತು. ಮಗ ಆಲಸ್ಟೇರ್ ತೀರಿಕೊಂಡ. ಕಮಿಂಗ್ ಅವರ ಎರಡೂ ಕಾಲು ಮುರಿದಿದ್ದವು. ಎಡ ಪಾದ ತೆಗೆದದ್ದು ಮರುದಿನ, ಅದೂ ಆಸ್ಪತ್ರೆಯಲ್ಲಿ. ಆಸ್ಪತ್ರೆಯ ದಾಖಲೆಯೇ ಹಾಗೆ ಹೇಳುತ್ತದೆ.

ಮಗನನ್ನು ಕಳೆದುಕೊಂಡ ಅಪ್ಪನ ದುಃಖವನ್ನು ಸುಮ್ನೆ ಸಾಹಸಕಥೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆಮೇಲೂ ಅವರು ಕೆಲಸ ಬಿಡಲಿಲ್ಲ. 1909ರಲ್ಲಿ ಹೊತ್ತ ಹೊಣೆಯನ್ನು 1923ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು.

ಅಂದಹಾಗೆ, ಹಸಿರು ಶಾಯಿಯಲ್ಲಿ ‘ಸಿ’ ಎಂದು ಸಹಿ ಹಾಕುತ್ತಿದ್ದರು ಅನ್ನೋದು ಮಾತ್ರ ನಿಜ. ಎಂಐ6 ಮುಖ್ಯಸ್ಥರನ್ನು ಇಂದಿಗೂ ‘ಸಿ’ ಎಂದೇ ಕರೆಯುತ್ತಾರೆ.