ನಿಂಬೆರಸ, ಕ್ಷಾರ, ನೊಬೆಲ್: ಒಂದು ಸ್ಪಷ್ಟನೆ

‘ದೇಹದಲ್ಲಿ ಆಮ್ಲ ಜಾಸ್ತಿಯಾದರೆ ಕ್ಯಾನ್ಸರ್ ಬರುತ್ತೆ. ಇದನ್ನು ಕಂಡುಹಿಡಿದ ಒಟ್ಟೊ ವಾರ್‌ಬರ್ಗ್‌ಗೆ 1931ರಲ್ಲಿ ನೊಬೆಲ್ ಬಂತು. ನಿಂಬೆರಸ ಕುಡಿದು ದೇಹವನ್ನು ಕ್ಷಾರವಾಗಿಸಿ’ ಎಂಬ ಮೆಸೇಜ್ ಮತ್ತೆ ಓಡಾಡುತ್ತಿದೆ. ಇದು ತಪ್ಪು.

ವಾರ್‌ಬರ್ಗ್‌ಗೆ ಆ ವರ್ಷ ನೊಬೆಲ್ ಬಂದದ್ದು ನಿಜ. ಆದರೆ ಅದು ಜೀವಕೋಶದ ಉಸಿರಾಟದ ಕಿಣ್ವದ ಕೆಲಸಕ್ಕೆ. ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದರೂ ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ ಎಂದು ಅವರು ನೋಡಿದ್ದೂ ನಿಜವೇ. ಅಂದರೆ ಗೆಡ್ಡೆಯ ಸುತ್ತಲಿನ ಆಮ್ಲವನ್ನು ಹೆಚ್ಚಾಗಿ ಆ ಕೋಶಗಳೇ ಮಾಡಿದ್ದು.

ಮೂಲ ತೊಂದರೆ ಜೀನ್‌ಗಳಲ್ಲಿದೆ. ರಾಸ್ ಪ್ರೋಟೀನ್ ಬೆಳವಣಿಗೆಯ ಸ್ವಿಚ್ ಇದ್ದ ಹಾಗೆ: ಸಂಕೇತ ಬಂದಾಗ ಆನ್, ಆಮೇಲೆ ತಾನೇ ಆಫ್. ಅದರ 12ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ (ಪ್ರೋಟೀನ್ ಸರಪಳಿಯ ಒಂದು ಕೊಂಡಿ) ಬದಲಾದರೂ ಸಾಕು, ಆಫ್ ಆಗುವುದೇ ಕಷ್ಟ. ಡಿಎನ್‌ಎ ಕೆಟ್ಟಾಗ ಕೋಶದ ವಿಭಜನೆಯನ್ನು ತಡೆಯುವ ಪಿ53 ಎಂಬ ಪ್ರೋಟೀನ್ ಕೂಡ ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಕೆಟ್ಟಿರುತ್ತದೆ. ಇಂಥ ಹಲವು ಬದಲಾವಣೆ ಸೇರಿದಾಗಲೇ ಕ್ಯಾನ್ಸರ್. ನಿಂಬೆರಸ ಇವನ್ನು ಸರಿಮಾಡುವುದಿಲ್ಲ.

ಇನ್ನು ರಕ್ತದ ಪಿಎಚ್, ಅಂದರೆ ಅದು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆ. ಶ್ವಾಸಕೋಶ, ಮೂತ್ರಪಿಂಡಗಳು ಅದನ್ನು 7.35ರಿಂದ 7.45ರೊಳಗೇ ಹಿಡಿದಿಡುತ್ತವೆ. ಊಟದಿಂದ ಮೂತ್ರದ ಪಿಎಚ್ ಬದಲಾಗಬಹುದು, ಅಷ್ಟೇ.

ನಿಂಬೆರಸ ಇಷ್ಟವಿದ್ದರೆ ಕುಡಿಯಿರಿ, ಬೇಡ ಅನ್ನಲ್ಲ. ಆದರೆ ಇದನ್ನು ನಂಬಿ ಯಾರಾದರೂ ಚಿಕಿತ್ಸೆ ಮುಂದೂಡಿದರೆ ಅಪಾಯ. ದಯವಿಟ್ಟು ಆ ಮೆಸೇಜನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.