ಲಾಗಿನ್ ಭಾಗ್ಯ

ಬೆಂಗಳೂರಲ್ಲಿ ಎರಡು ಥರದ ಆಫೀಸಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯದು ಒಂದು ಥರ. ಅಲ್ಲಿ ಹುಡುಗ ಬೆಳಗ್ಗೆ ಕ್ಯಾಬ್ ಇಳಿದು ಲ್ಯಾಪ್‌ಟಾಪ್ ತೆಗೆದ್ರೆ ಪಾಸ್‌ವರ್ಡ್ ತಗೊಳ್ಳಲ್ಲ, ಕ್ಯಾಪ್ಸ್ ಲಾಕ್ ಇರ್ಬೇಕು ಅಂತ ಮತ್ತೆ ಹೊಡಿತಾನೆ, ಮತ್ತೆ ತಗೊಳ್ಳಲ್ಲ, ಅಷ್ಟೊತ್ತಿಗೆ ಎಚ್‌ಆರ್ ಮೇಡಂ ಫೋನ್ ಮಾಡಿ ಐದು ನಿಮಿಷ ಮೀಟಿಂಗ್ ರೂಮಿಗೆ ಬನ್ನಿ ಅಂತಾರೆ. ಕೆಲಸ ಹೋಗಿದ್ದು ಅವನಿಗಿಂತ ಮುಂಚೆ ಸರ್ವರ್‌ಗೆ ಗೊತ್ತಾಗಿರತ್ತೆ. ಇನ್ನೊಂದು ಥರದ್ದು ಮೆಜೆಸ್ಟಿಕ್‌ನಿಂದ ವಿಧಾನಸೌಧದ ಕಡೆ ಹೋಗ್ತಾ ಸಿಗೋ ಹಳೇ ಕಟ್ಟಡಗಳಲ್ಲಿದೆ. ಅಲ್ಲಿ ಸಾಹೇಬ್ರು ರಿಟೈರ್ ಆಗಿ, ಮೈಸೂರು ಪೇಟ ಹಾಕಿಸ್ಕೊಂಡು, ಶಾಲು ಹಣ್ಣಿನ ಬುಟ್ಟಿ ಸಮೇತ ಫೋಟೋ ಹೊಡೆಸ್ಕೊಂಡು ಮನೆಗೆ ಹೋಗಿ ವರ್ಷಗಳೇ ಆಗಿರತ್ತೆ, ಅವರ ಲಾಗಿನ್ ಮಾತ್ರ ಇನ್ನೂ ಡ್ಯೂಟಿಲಿರತ್ತೆ.

ನಾನು ಈ ಎರಡನೇ ಥರದ ಒಂದು ಆಫೀಸಿನ ಸರ್ವರ್ ನೋಡ್ಕೊಳ್ಳೋನು. ಯಾವ ಇಲಾಖೆ ಎಷ್ಟನೇ ಫ್ಲೋರು ಅಂತ ಕೇಳ್ಬೇಡಿ, ನಂದೂ ಔಟ್‌ಸೋರ್ಸಿಂಗ್ ಕೆಲಸ. ಸರ್ವರ್ ಅಂದ್ರೆ ಏನೋ ದೊಡ್ಡದು ಅನ್ಕೋಬೇಡಿ, ಗಾಡ್ರೆಜ್ ಬೀರು ಪಕ್ಕದಲ್ಲಿ ವಿಂಡೋಸ್ ಬದಲು ಲಿನಕ್ಸ್ ಓಡೋ ಒಂದು ಡಬ್ಬ, ಎಸ್.ಪಿ. ರೋಡಿಂದ ತಂದ ಹಾರ್ಡ್‌ಡಿಸ್ಕು, ಒಳಗೆ ಸಾಂಬಾ. ವಿಂಡೋಸ್ ಪಿಸಿಗಳಿಗೆ ಫೋಲ್ಡರ್ ಹಂಚೋ ಈ ಸಾಫ್ಟ್‌ವೇರನ್ನ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಅನ್ನೋರು ಪಿಎಚ್‌ಡಿ ಓದ್ತಾ ಇದ್ದಾಗ ಬರೆದು 1992ರಲ್ಲಿ ಬಿಟ್ಟಿಯಾಗಿ ಹಂಚಿದ್ರು. ಬಿಟ್ಟಿ ಕೊಟ್ಟಿದ್ದೇ ಅವರು ಮಾಡಿದ ತಪ್ಪು. ಟೆಂಡರ್ ಇಲ್ಲ, ಬಿಲ್ ಇಲ್ಲ, ಎಎಂಸಿ ಇಲ್ಲ, ಹಂಗಾಗಿ ಸ್ಟಾಕ್ ರಿಜಿಸ್ಟರಲ್ಲೂ ಇಲ್ಲ, ಸ್ಟಾಕಲ್ಲೇ ಇಲ್ಲದ ಸಾಮಾನಿಗೆ ಯಾರು ಜವಾಬ್ದಾರಿ ಅಂತ ಕೇಳಿದ್ರೆ ಎಲ್ರೂ ನನ್ನ ಮುಖ ನೋಡ್ತಾರೆ.

ಇದರಲ್ಲಿ ಒಬ್ಬರಿಗೆ ಅಕೌಂಟ್ ಮಾಡ್ಬೇಕು ಅಂದ್ರೆ ಮೌಸ್ ಮುಟ್ಟೋ ಹಂಗೇ ಇಲ್ಲ, ಕಪ್ಪು ಸ್ಕ್ರೀನಲ್ಲಿ ಎರಡು ಸಾಲು ಸಾಕು. ಮೊದ್ಲು ಯೂಸರ್‌ಆಡ್ ಹೊಡೆದು ಲಿನಕ್ಸಿಗೆ ಹೆಸರು ಸೇರಿಸ್ಬೇಕು, ಆಮೇಲೆ ಎಸ್‌ಎಂಬಿಪಾಸ್‌ಡಬ್ಲ್ಯೂಡಿ ಮೈನಸ್ ಎ ಹೊಡೆದು ಸಾಂಬಾಗೂ ಸೇರಿಸ್ಬೇಕು, ಯಾಕಂದ್ರೆ ಸಾಂಬಾ ತನ್ನ ಪಾಸ್‌ವರ್ಡುಗಳನ್ನ ತನ್ನದೇ ಬೇರೆ ಪುಸ್ತಕದಲ್ಲಿ ಇಟ್ಕೊಳತ್ತೆ. ಒಬ್ಬ ಮನುಷ್ಯನಿಗೆ ಎರಡು ಕಡೆ ಎಂಟ್ರಿ ಯಾಕೆ ಅಂತ ಬೇರೆ ಕಡೆ ಆಗಿದ್ರೆ ಕೇಳ್ತಿದ್ರು, ನಮ್ಮೋರಿಗೆ ಅದೊಂದೇ ಸಲೀಸಾಗಿ ಅರ್ಥ ಆಗಿದ್ದು. ಮೂರನೇದು ಯಾಕಿಲ್ಲ ಅಂತ ಒಬ್ರು ಕೇಳಿದ್ರು ಬೇರೆ. ಪಿಡಿಬಿಎಡಿಟ್ ಮೈನಸ್ ಎಲ್ ಅಂದ್ರೆ ಪೂರ್ತಿ ಲಿಸ್ಟ್ ಬರತ್ತೆ, ಆ ಲಿಸ್ಟ್ ಒಂದ್ಸಲ ಮೇಲಿಂದ ಕೆಳಗೆ ಓದಿದ್ರೆ ಇಲಾಖೆಯ ಇತಿಹಾಸ ಓದಿದಂಗೆ. ಟ್ರಾನ್ಸ್‌ಫರ್ ಆಗಿ ಬೀದರ್‌ಗೆ ಹೋದೋರು, ಡೆಪ್ಯುಟೇಶನ್ ಮೇಲೆ ಬಂದು ವಾಪಸ್ ಹೋದೋರು, ವಿಆರ್‌ಎಸ್ ತಗೊಂಡೋರು, ತೀರಿಕೊಂಡೋರು, ಎಲ್ರೂ ಇದಾರೆ. ಸೀಟಲ್ಲಿ ಕೂತಿರೋರಿಗಿಂತ ಸರ್ವರಲ್ಲಿ ಇರೋರು ಜಾಸ್ತಿ.

ತೆಗೆಯೋದೂ ಅಷ್ಟೇ ಸುಲಭ, ಮೈನಸ್ ಎ ಇದ್ದ ಕಡೆ ಮೈನಸ್ ಎಕ್ಸ್. ಎಂಟರ್ ಹೊಡೆದು ಬೆರಳು ಎತ್ತೋಷ್ಟರಲ್ಲಿ ಮುಗಿದಿರತ್ತೆ. ಆದ್ರೆ ಸೂಪರಿಂಟೆಂಡೆಂಟ್ ಸಾಹೇಬ್ರ ಹತ್ರ ಈ ಮಾತೆತ್ತಿದಾಗ ಅವರು ಕನ್ನಡಕ ಹಣೆ ಮೇಲೆ ಏರಿಸ್ಕೊಂಡ್ರು.

“ಡಿಲೀಟ್ ಅಂದ್ರೆ ಏನ್ರೀ, ವಜಾ ಮಾಡಿದಂಗಲ್ವಾ? ಅವರು ಗೌರವದಿಂದ ವಯೋನಿವೃತ್ತಿ ಆಗಿದಾರೆ. ನಾಳೆ ಪೆನ್ಷನ್‌ಗೆ ಏನಾದ್ರೂ ತೊಂದ್ರೆ ಆದ್ರೆ?”

ಪೆನ್ಷನ್‌ಗೂ ಇದಕ್ಕೂ ಸಂಬಂಧ ಇಲ್ಲ ಸಾರ್, ಬೇಕಾದ್ರೆ ಡಿಲೀಟ್ ಬೇಡ, ಮೈನಸ್ ಡಿ ಅಂತ ಒಂದಿದೆ, ಸುಮ್ನೆ ಡಿಸೇಬಲ್ ಮಾಡಿರ್ತೀನಿ, ಬೇಕಂದಾಗ ಮೈನಸ್ ಇ ಹೊಡೆದು ವಾಪಸ್ ಎಬ್ಬಿಸ್ಬೋದು ಅಂದೆ.

“ಅದು ಅಮಾನತು ಆಯ್ತಲ್ರೀ. ರಿಟೈರ್ ಆದೋರನ್ನ ಅಮಾನತು ಮಾಡಕ್ಕೆ ರೂಲ್ಸಲ್ಲಿ ಎಲ್ಲಿದೆ? ತೋರ್ಸಿ.”

ತೋರ್ಸಕ್ಕಾಗ್ಲಿಲ್ಲ. ಕೊನೆಗೆ ಒಂದು ಕಡತ ತೆಗೀರಿ ಅಂದ್ರು. ತೆಗೆದ್ವಿ. ಕೇಸ್ ವರ್ಕರ್ ಟಿಪ್ಪಣಿ ಬರೆದ್ರು, ಆದೇಶಕ್ಕಾಗಿ ಮಂಡಿಸಿದೆ ಅಂತ. ಅದು ಮೇಲೆ ಹೋಗಿ ‘ಚರ್ಚಿಸಿ’ ಅಂತ ಕೆಳಗೆ ಬಂತು. ಚರ್ಚಿಸಿದ್ವಿ. ಚರ್ಚಿಸಲಾಗಿದೆ ಅಂತ ಬರೆದು ಮೇಲೆ ಕಳಿಸಿದ್ರೆ ಹಣಕಾಸಿನ ಪರಿಣಾಮ ಏನು ಅಂತ ಷರಾ ಬಂತು. ಸೊನ್ನೆ ಅಂತ ಬರೆದ್ವಿ, ಸೊನ್ನೆ ಅಂದ ತಕ್ಷಣ ಮೇಲಿನೋರ ಉತ್ಸಾಹ ಇಳಿದುಹೋಯ್ತು. 2011ರ ಸಕಾಲ ಕಾಯ್ದೆ ಬಂದ್ಮೇಲೆ ಜಾತಿ ಸರ್ಟಿಫಿಕೇಟಿಗೂ ಇಷ್ಟು ದಿನ ಅಂತ ಗಡುವಿದೆ, ಹೋದೋರ ಲಾಗಿನ್ ತೆಗೆಯೋದಕ್ಕೆ ಗಡುವಿಲ್ಲ. ಕಡತ ಈಗೆಲ್ಲಿದೆ ಅಂದ್ರೆ, ಅದರ ಸ್ಕ್ಯಾನ್ ಕಾಪಿ ಅದೇ ಸರ್ವರಲ್ಲಿ ರಿಟೈರ್ ಆದ ಸಾಹೇಬ್ರ ಫೋಲ್ಡರಲ್ಲಿದೆ, ಯಾಕಂದ್ರೆ ಎಲ್ಲ ಫೋಲ್ಡರಿಗೂ ಪರ್ಮಿಶನ್ ಇರೋದು ಅವರಿಗೊಬ್ರಿಗೇ, ಹಂಗಾಗಿ ಈಗಿನ ಸಾಹೇಬ್ರು ಬರೋದೂ ಅವರ ಹೆಸರಲ್ಲೇ.

ಇಷ್ಟು ಓದಿ ಇವರಿಗೆ ಕಂಪ್ಯೂಟರ್ ಬರಲ್ಲ ಪಾಪ ಅಂತ ನೀವು ಅನ್ಕೊಂಡ್ರೆ ನಿಮ್ಮಂಥ ಮುಗ್ಧರು ಇನ್ನೊಬ್ರಿಲ್ಲ. ಚೆನ್ನಾಗಿ ಬರತ್ತೆ. ಕನ್ನಡ ಟೈಪಿಂಗಿನ ನುಡಿ ಆನ್ ಇಟ್ಕೊಂಡೇ ಪಾಸ್‌ವರ್ಡ್ ಹೊಡೆದು ‘ಸರ್ವರ್ ಸರಿ ಇಲ್ಲ’ ಅನ್ನೋರು ಒಂದಿಬ್ರು ಇರ್ಬೋದು, ಉಳಿದೋರಿಗೆ ತಾವೇನ್ ಮಾಡ್ತಿದೀವಿ ಅಂತ ಪೂರ್ತಿ ಗೊತ್ತು. ಅದಕ್ಕೇ ಸ್ವಂತ ಅಕೌಂಟ್ ಇದ್ರೂ ಯಾರೂ ಅದನ್ನ ಮುಟ್ಟಲ್ಲ. ಸಾಹೇಬ್ರೊಬ್ರನ್ನ ಬಿಟ್ಟು ಎಲ್ರೂ ಒಳಗೆ ಬರೋದು ‘ಸ್ಟಾಫ್’ ಅನ್ನೋ ಒಂದೇ ಹೆಸರಲ್ಲಿ, ಪಾಸ್‌ವರ್ಡ್ ಕ್ಯಾಲೆಂಡರ್ ಹಿಂದೆ ಬರೆದಿದೆ. ತಿಂಗಳಿಗೊಂದ್ಸಲ ಪಾಸ್‌ವರ್ಡ್ ಬದಲಾಯಿಸ್ಬೇಕು ಅಂತ ಸುತ್ತೋಲೆ ಇದೆ, ಹಂಗಾಗಿ ತಿಂಗಳ ಹೆಸರನ್ನೇ ಪಾಸ್‌ವರ್ಡ್ ಮಾಡ್ಕೊಂಡು ಕ್ಯಾಲೆಂಡರ್ ಹಾಳೆ ಜೊತೆಗೆ ಮಗುಚ್ತಾರೆ. ಸುಮ್ಸುಮ್ನೆ ದಿನ ಲೆಕ್ಕ ಹಾಕಿ ಪಾಸ್‌ವರ್ಡ್ ಬದಲಾಯಿಸಿ ಅಂತ ಜನರಿಗೆ ಹೇಳ್ಬೇಡಿ ಅಂತ ಮಾನದಂಡ ಮಾಡೋ ಅಮೆರಿಕದ ನಿಸ್ಟ್ ಸಂಸ್ಥೆನೇ 2017ರಲ್ಲಿ ಹೇಳಾಯ್ತು, ನಮ್ಮ ಸುತ್ತೋಲೆಗೆ ಆ ಸುದ್ದಿ ಇನ್ನೂ ಟಪ್ಪಾಲಲ್ಲಿ ಬಂದಿಲ್ಲ. ಸ್ವಂತ ಅಕೌಂಟುಗಳ ಕಥೆನೂ ಬೇರೆ ಏನಲ್ಲ, ಪಿಡಿಬಿಎಡಿಟ್‌ಗೆ ಮೈನಸ್ ಎಲ್ ಜೊತೆ ಮೈನಸ್ ಡಬ್ಲ್ಯೂ ಸೇರಿಸಿದ್ರೆ ಪಾಸ್‌ವರ್ಡಿನ ಹ್ಯಾಶ್, ಅಂದ್ರೆ ಪಾಸ್‌ವರ್ಡನ್ನ ಅರೆದು ಮಾಡಿದ ಗುರುತು ಕಾಣತ್ತೆ, 32 ಅಕ್ಷರ. ಅರೆಯೋವಾಗ ಒಬ್ಬೊಬ್ರಿಗೆ ಬೇರೆ ಬೇರೆ ಅಕ್ಷರ ಬೆರೆಸೋದಕ್ಕೆ ಸಾಲ್ಟ್ ಅಂತಾರೆ, ಈ ಹ್ಯಾಶಿಗೆ ಅದನ್ನ ಹಾಕಲ್ಲ, ಹಂಗಾಗಿ ಒಂದೇ ಪಾಸ್‌ವರ್ಡ್ ಇದ್ರೆ ಒಂದೇ ಹ್ಯಾಶ್. ಮೇಲಿಂದ ಕೆಳಗೆ ಸ್ಕ್ರೋಲ್ ಮಾಡಿದ್ರೆ ಡಿ ದರ್ಜೆಯಿಂದ ಡೈರೆಕ್ಟರ್ ತನಕ ಅದೇ 32 ಅಕ್ಷರ ಪಿಟಿ ಪರೇಡಿಗೆ ನಿಂತಿದೆ. ಇಷ್ಟು ಸಮಾನತೆ ಈ ಆಫೀಸಿನಲ್ಲಿ ಬೇರೆಲ್ಲೂ ನೋಡಿಲ್ಲ ನಾನು.

ಒಂದಿನ ಟೆಂಡರ್ ಫೋಲ್ಡರಲ್ಲಿದ್ದ ಒಂದು ಎಕ್ಸೆಲ್ ಶೀಟ್ ಮಾಯ ಆಯ್ತು. ಯಾರು ಡಿಲೀಟ್ ಮಾಡಿದ್ದು ಕಂಡುಹಿಡೀರಿ ಅಂತ ಸಾಹೇಬ್ರು ಜೋರಾಗಿ ಹೇಳಿದ್ರು, ಎಲ್ರಿಗೂ ಕೇಳಿಸ್ಬೇಕಲ್ಲ. ಸಾಂಬಾದಲ್ಲಿ ಫುಲ್ ಆಡಿಟ್ ಅಂತ ಒಂದು ಮಾಡ್ಯೂಲ್ ಇದೆ, ಯಾರು ಯಾವ ಫೈಲ್ ತೆಗೆದ್ರು, ಹೆಸರು ಬದಲಿಸಿದ್ರು, ಅಳಿಸಿದ್ರು ಅಂತ ಒಂದೊಂದನ್ನೂ ಬರೆದಿಡತ್ತೆ, ಅದನ್ನ ನಾನು ಮೊದ್ಲೇ ಹಾಕಿಟ್ಟಿದ್ದೆ. ಲಾಗ್ ತೆಗೆದು ಪ್ರಿಂಟ್ ಕೊಟ್ಟೆ. ತೆಗೆದಿದ್ದು ಸ್ಟಾಫ್. ಎಡಿಟ್ ಮಾಡಿದ್ದು ಸ್ಟಾಫ್. ಅಳಿಸಿದ್ದು ಸ್ಟಾಫ್. ಅಳಿಸಿದ್ಮೇಲೆ ಗಾಬರಿಯಿಂದ ಹುಡುಕಿದ್ದೂ ಸ್ಟಾಫ್. ಐಪಿ ನಂಬರ್ ನೋಡಿದ್ರೆ ಅದು ಬಾಗಿಲ ಹತ್ರದ ಪಿಸಿ, ದಾರಿಲಿ ಹೋಗೋ ಬರೋರೆಲ್ಲ ಕೂರೋ ಪಿಸಿ. ಸಾಹೇಬ್ರು ಪ್ರಿಂಟನ್ನ ಎರಡು ಸಲ ಓದಿದ್ರು, ಮುಖದಲ್ಲಿ ಒಂದು ನೆಮ್ಮದಿ ಬಂತು ನೋಡಿ, ‘ತನಿಖೆ ಪೂರ್ಣಗೊಂಡಿದೆ’ ಅಂತ ಬರೆದು ಸಹಿ ಹಾಕಿದ್ರು.

ಇನ್ಮೇಲೆ ಅವರವರ ಹೆಸರಲ್ಲೇ ಲಾಗಿನ್ ಆಗಿ ಅಂತ ಒಂದು ಆದೇಶನೂ ಹೊರಟಿತ್ತು. ಅದನ್ನ ಉಳಿಸಿದ್ದು, ಸಾರಿ, ಮುಳುಗಿಸಿದ್ದು ವಿಂಡೋಸ್. ಒಂದು ಪಿಸಿಯಿಂದ ಒಂದು ಸರ್ವರಿಗೆ ಒಂದೇ ಸಮಯಕ್ಕೆ ಎರಡು ಹೆಸರಲ್ಲಿ ಕನೆಕ್ಟ್ ಆಗಕ್ಕೆ ಅದು ಬಿಡಲ್ಲ, ಎರರ್ 1219 ಅಂತ ತೋರ್ಸತ್ತೆ. ಹಳೇ ಕನೆಕ್ಷನ್ ಕಡಿದು, ಅಂದ್ರೆ ನೆಟ್ ಯೂಸ್ ಹೊಡೆದು ಡಿಲೀಟ್ ಕೊಟ್ಟು, ಆಮೇಲೆ ಹೊಸ ಹೆಸರಲ್ಲಿ ಬಂದ್ರೆ ಆಯ್ತು, ಅರ್ಧ ನಿಮಿಷದ ಕೆಲಸ. ಆದ್ರೆ ಪಿಸಿ ಆನ್ ಆದ ತಕ್ಷಣ ಸ್ಟಾಫ್ ಒಳಗೆ ಕೂತಿರತ್ತೆ, ಹಂಗಾಗಿ ಸ್ವಂತ ಹೆಸರು ಹೊಡೆದೋರಿಗೆಲ್ಲ 1219. ಆ ನಂಬರನ್ನ ಆಫೀಸಿನಲ್ಲಿ ಎಲ್ರೂ ಬಾಯಿಪಾಠ ಮಾಡ್ಕೊಂಡ್ರು. ತಾಂತ್ರಿಕ ಕಾರಣ 1219ರಿಂದ ಆದೇಶ ಪಾಲಿಸಲು ಸಾಧ್ಯವಾಗಿರುವುದಿಲ್ಲ ಅಂತ ಎಲ್ಲ ಸೆಕ್ಷನ್ನಿಂದಲೂ ಒಂದೇ ಥರ ಉತ್ತರ ಬಂತು, ಸಂಜೆ ಐದೂವರೆ ಒಳಗೆ. ಈ ಆಫೀಸಿನಲ್ಲಿ ಯಾವ ಪತ್ರಕ್ಕೂ ಅಷ್ಟು ಬೇಗ ಉತ್ತರ ಹೋಗಿದ್ದಿಲ್ಲ.

ಆದ್ರೂ ಸ್ವಂತ ಅಕೌಂಟ್ ಬಳಸೋರು ಇಬ್ರಿದ್ರು. ಒಬ್ಬಳು ಡಾಟಾ ಎಂಟ್ರಿ ಹುಡುಗಿ, ಏಜೆನ್ಸಿ ಕಡೆಯವಳು. ಅವಳಿಗೆ ಮಾತ್ರ ಸ್ಟಾಫ್ ಪಾಸ್‌ವರ್ಡ್ ಕೊಡ್ಬೇಡಿ, ಏನಾದ್ರೂ ಆದ್ರೆ ಯಾರು ಅಂತ ಗೊತ್ತಾಗ್ಬೇಕಲ್ಲ ಅಂದಿದ್ರು. ಗುತ್ತಿಗೆ ಮುಗಿದ ದಿನ ಸಂಜೆನೇ ಸೂಪರಿಂಟೆಂಡೆಂಟ್ ಸಾಹೇಬ್ರು ಖುದ್ದು ನನ್ನ ಟೇಬಲ್ಲಿಗೆ ಬಂದು ತೆಗೆದುಬಿಡ್ರೀ ಅವಳನ್ನ ಅಂದ್ರು. ಕಡತ? ಔಟ್‌ಸೋರ್ಸ್‌ಗೆಲ್ಲ ಎಂಥ ಕಡತ. ಮೈನಸ್ ಎಕ್ಸ್, ಆಮೇಲೆ ಯೂಸರ್‌ಡೆಲ್, ಎಂಟರ್. ಆದ್ರೆ ಯೂಸರ್‌ಡೆಲ್ ಮನುಷ್ಯರನ್ನ ತೆಗೆಯತ್ತೆ, ಶೇರ್ ಫೋಲ್ಡರಲ್ಲಿ ಅವರು ಮಾಡಿಟ್ಟ ಫೈಲುಗಳನ್ನಲ್ಲ, ಅವು ಯುಐಡಿ ಅಂತ ಲಿನಕ್ಸ್ ಪ್ರತಿಯೊಬ್ರಿಗೂ ಕೊಡೋ ಬರೀ ಒಂದು ನಂಬರ್ ಹೆಸರಲ್ಲಿ ಅನಾಥವಾಗಿ ಕೂತಿರ್ತವೆ. ಅವಳದು ಲಿಸ್ಟಿನ ಕೊನೇ ನಂಬರ್ ಆಗಿತ್ತು, ಮುಂದಿನ ತಿಂಗಳು ಏಜೆನ್ಸಿಯಿಂದ ಬಂದ ಹುಡುಗನಿಗೆ ಯೂಸರ್‌ಆಡ್ ಹೊಡೆದ್ರೆ ಲಿನಕ್ಸ್ ಅದೇ ನಂಬರನ್ನ ಎತ್ತಿ ಅವನಿಗೆ ಕೊಟ್ಬಿಡ್ತು, ಅನುಕಂಪದ ನೌಕರಿ ಕೊಟ್ಟಂಗೆ. ಅವಳ ಫೈಲೆಲ್ಲ ಅವನ ಹೆಸರಿಗಾಯ್ತು. ಚೌನ್ ಹೊಡೆದು ಮಾಲೀಕರನ್ನ ಬದಲಾಯಿಸೋಷ್ಟರಲ್ಲಿ ಯಾರೋ ಹಳೇ ಪಟ್ಟಿಲಿ ತಪ್ಪು ಹುಡುಕಿ, ಓನರ್ ಯಾರು ನೋಡಿ, ಅವನು ಇನ್ನೂ ಕಾಲೇಜಲ್ಲಿ ಓದ್ತಿದ್ದ ಕಾಲದ ತಪ್ಪಿಗೆ ಅವನಿಗೆ ಮೆಮೋ ಕೊಟ್ಟಾಗಿತ್ತು. ಪಾಪ, ಹುಡುಗ ಕ್ಷಮಾಪಣೆನೂ ಬರೆದುಕೊಟ್ಟ.

ಎರಡನೆಯವನು ಕಾರಿಡಾರಲ್ಲಿರೋ ಝೆರಾಕ್ಸ್ ಮೆಷೀನು. ಸ್ಕ್ಯಾನ್ ಮಾಡಿದ್ದನ್ನ ಸರ್ವರಿಗೆ ಕಳಿಸಕ್ಕೆ ಅದಕ್ಕೆ ‘ಸ್ಕ್ಯಾನರ್’ ಅಂತ ಒಂದು ಅಕೌಂಟ್ ಕೊಟ್ಟಿದೀನಿ. ತನ್ನ ಹೆಸರಲ್ಲೇ ಬರತ್ತೆ, ತನ್ನ ಫೋಲ್ಡರಲ್ಲೇ ಇಡತ್ತೆ, ಪಾಸ್‌ವರ್ಡ್ ಯಾರಿಗೂ ಹೇಳಲ್ಲ. ಇಡೀ ಆಫೀಸಿಗೆ ಶಿಸ್ತಿನ ನೌಕರ ಅಂದ್ರೆ ಅದೊಂದೇ. ವಯಸ್ಸಾಗಿದೆ ಅಷ್ಟೇ, ಫೋಲ್ಡರ್ ಹಂಚೋ ಭಾಷೆಲಿ ಎಸ್‌ಎಂಬಿ 1 ಅನ್ನೋ ಹಳೇದು ಬಿಟ್ಟು ಬೇರೆ ಬರಲ್ಲ. 2017ರ ಮೇನಲ್ಲಿ ವಾನಾಕ್ರೈ ಅನ್ನೋ ವೈರಸ್ ಪ್ರಪಂಚ ಪೂರ್ತಿ ಓಡಾಡಿದ್ದು ಇದೇ ಎಸ್‌ಎಂಬಿ 1ರಲ್ಲಿ ವಿಂಡೋಸಿಗಿದ್ದ ತೂತಿನಿಂದ, ಸಾಂಬಾದೋರೂ 2019ರಲ್ಲಿ ಅದನ್ನ ಡೀಫಾಲ್ಟಾಗಿ ಬಂದ್ ಮಾಡಿದ್ರು. ನಾವು ಮಾತ್ರ ಮೆಷೀನಿಗೋಸ್ಕರ ಕಾನ್ಫಿಗಲ್ಲಿ ಒಂದು ಸಾಲು ಸೇರಿಸಿ ಅದನ್ನ ಮತ್ತೆ ಆನ್ ಮಾಡಿಟ್ಟಿದೀವಿ. ಹೊಸ ಮೆಷೀನಿಗೆ ಬರೆದ ಪತ್ರ ‘ಚರ್ಚಿಸಿ’ಲಿದೆ.

ಮೊನ್ನೆ ಆಡಿಟ್‌ನೋರು ಬಂದಿದ್ರು. ಸರ್ವರ್ ಬಳಕೆದಾರರ ಪಟ್ಟಿ ಕೊಡಿ, ಪ್ರತಿಯೊಬ್ಬರ ಹೆಸರ ಮುಂದೆ ಅವರವರ ಸಹಿ ಇರ್ಬೇಕು ಅಂದ್ರು. ಈಗ ಸಿಕ್ಕಿಹಾಕೊಂಡ್ರು ಎಲ್ರೂ ಅಂತ ನಾನು ಖುಷಿಯಾಗಿ ಪಿಡಿಬಿಎಡಿಟ್ ಲಿಸ್ಟ್ ಪ್ರಿಂಟ್ ತೆಗೆದು, ಸ್ಕೇಲಲ್ಲಿ ಗೆರೆ ಎಳೆದು ಕೊಟ್ಟೆ. ಎರಡೇ ದಿನಕ್ಕೆ ವಾಪಸ್ ಬಂತು, ಒಂದು ಕಾಲಂ ಖಾಲಿ ಇಲ್ಲ. ರಿಟೈರ್ ಆದ ಸಾಹೇಬ್ರು ಮಲ್ಲೇಶ್ವರದಿಂದ ಆಟೋ ಮಾಡ್ಕೊಂಡು ಬಂದು ಸಹಿ ಹಾಕಿ, ಪಾಸ್‌ವರ್ಡ್ ಹಳೇದೇ ತಾನೇ ಅಂತ ಕೇಳಿ ಕಾಫಿ ಕುಡ್ಕೊಂಡು ಹೋದ್ರಂತೆ. ಬೀದರ್‌ದು ವಾಟ್ಸಾಪಲ್ಲಿ ಬಂದಿತ್ತು. ತೀರಿಕೊಂಡೋರ ಮುಂದೆ ‘ಪರವಾಗಿ’ ಅಂತ ಬರೆದು ಎಫ್‌ಡಿಎ ಮೇಡಂ ಹಾಕಿದ್ರು. ಸ್ಟಾಫ್ ಅನ್ನೋದರ ಮುಂದೆ ಒಂದರ ಮೇಲೊಂದು ಎಷ್ಟು ಸಹಿ ಬಿದ್ದಿತ್ತು ಅಂದ್ರೆ ಹಾಳೆ ತೂತಾಗಿತ್ತು. ಸ್ಕ್ಯಾನರ್ ಅನ್ನೋ ಹೆಸರ ಮುಂದೆ ಒಂದು ಸೊಗಸಾದ ಇಂಗ್ಲಿಷ್ ಸಹಿ ಇತ್ತು, ಪಕ್ಕದಲ್ಲಿ ದಿನಾಂಕ, ಕೆಳಗೆ ಕಚೇರಿ ಸೀಲು. ಯಾರ್ದು ಇದು ಅಂತ ಕೇಳಿದೆ, ಯಾರಿಗೂ ಗೊತ್ತಿಲ್ಲ. ಆಡಿಟ್‌ನೋರು ಪಟ್ಟಿ ಸರಿ ಇದೆ ಅಂತ ಟಿಕ್ ಹಾಕಿ, ಸ್ಕ್ಯಾನರ್ ಅನ್ನೋರು ಯಾವ ಬ್ಯಾಚು, ಪದನಾಮ ಬರೆದಿಲ್ಲವಲ್ಲ, ಬರೆಸಿ ಅಂದ್ರು.